ಕಾಯ್ದೆ ಆಗುವ ಮುನ್ನವೇ ಕಣ್ಣಿಡಬೇಕು
(ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಮೊದಲಿಗೆ ನಾನು ಕಣ್ಣಾರೆ ಕಂಡ ಒಂದು ಸಂಗತಿ. ಒಂದು ಊರಿನ ಸಂಘದ ಚುನಾವಣೆ. ಹಿರಿಯ ಸದಸ್ಯರೊಬ್ಬರು ಬೆಳಿಗ್ಗೆ ಹಾಲು ಅಳೆದು, ಶುಭ್ರವಾದ ಪಂಚೆ ಉಟ್ಟು ಮತ ಹಾಕಲು ಬಂದರು. ಸಂಘ ಹುಟ್ಟಿದ ದಿನದಿಂದ ಹಾಲು ಹಾಕಿದವರು. ನೋಡಿದರೆ ಅವರ ಹೆಸರು ಅನರ್ಹರ ಪಟ್ಟಿಯಲ್ಲಿದೆ. ಕಾಯ್ದೆಗೆ ತಿದ್ದುಪಡಿಯಾಗಿದೆ, ಮಹಾಸಭೆಗಳಿಗೆ ಬಾರದವರಿಗೆ ಮತವಿಲ್ಲ ಎಂದು ಉತ್ತರ ಬಂತು. ಆ ಹಿರಿಯರು ಜಗಳವಾಡಲಿಲ್ಲ. "ಈ ಕಾಯ್ದೆ ಮಾಡುವಾಗ ನಮಗೆ ಯಾಕೆ ತಿಳಿಯಲಿಲ್ಲ?" ಎಂದಷ್ಟೇ ಕೇಳಿ ಮನೆಗೆ ಹೋದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದೇ ತೊಂದರೆಯನ್ನು ಬೇರೆಯವರು ಹೇಗೆ ಎದುರಿಸುತ್ತಾರೆಂದು ಓದಿ ತಿಳಿಯಲು ಹೊರಟಾಗ ಸಿಕ್ಕಿದ್ದು ಅಮೆರಿಕದ ಕೌಂಟಿಗಳ ಕಥೆ. ಅಷ್ಟು ದೂರದ ಮಾತು ನಮಗೇಕೆ ಎನ್ನಬೇಡಿ. ಅಲ್ಲಿಯೂ ಹಸುಗಳಿವೆ, ಸಗಣಿಯಿದೆ, ಸರ್ಕಾರವೂ ಇದೆ.

ಕೌಂಟಿ ಎಂದರೇನು?

ನಮ್ಮ ಜಿಲ್ಲೆಯಂತೆ ಅಲ್ಲಿ ಕೌಂಟಿ. ಇಡೀ ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ನಾನು ಇಂದು ಹೇಳುವುದು ಕ್ಯಾಲಿಫೋರ್ನಿಯಾ ರಾಜ್ಯದ 58 ಕೌಂಟಿಗಳ ವಿಚಾರ. 1993ರಲ್ಲಿ ವಿಸ್ಕಾನ್ಸಿನ್ ರಾಜ್ಯವನ್ನು ಹಿಂದೆ ಹಾಕಿ ಹಾಲಿನಲ್ಲಿ ಅಮೆರಿಕಕ್ಕೇ ಮೊದಲ ಸ್ಥಾನಕ್ಕೆ ಬಂದ ರಾಜ್ಯ ಅದು. ಅಲ್ಲಿನ ಟುಲೇರಿ ಕೌಂಟಿ ಹಾಲಿಗೇ ಹೆಸರುವಾಸಿ. ಸಾಮಾನ್ಯವಾಗಿ ಒಂದು ಕೌಂಟಿಗೆ ಜನರಿಂದ ಆಯ್ಕೆಯಾದ 5 ಮಂದಿಯ ಮೇಲ್ವಿಚಾರಕ ಮಂಡಳಿ ಇರುತ್ತದೆ. ಆಸ್ಪತ್ರೆ, ರಸ್ತೆ, ಜೈಲು, ಬಡವರ ನೆರವು, ಕೃಷಿ ತಪಾಸಣೆ ಎಲ್ಲವೂ ಅದರ ಕೈಯಲ್ಲಿ.

ಆದರೆ ಕೌಂಟಿ ಸ್ವತಂತ್ರವಲ್ಲ. ಸ್ಥಳೀಯ ಸಂಸ್ಥೆಗಳು ರಾಜ್ಯದ ಸೃಷ್ಟಿ, ರಾಜ್ಯ ಕೊಟ್ಟ ಅಧಿಕಾರವನ್ನು ರಾಜ್ಯವೇ ಹಿಂತೆಗೆದುಕೊಳ್ಳಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1907ರಲ್ಲಿಯೇ ತೀರ್ಪು ನೀಡಿದೆ. ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಒಂದು ಸಾಲು ಬರೆದರೆ ಟುಲೇರಿಯಲ್ಲಿ ಖರ್ಚು ಬೀಳುತ್ತದೆ. ಆದ್ದರಿಂದಲೇ ಕೌಂಟಿಗಳು ಶಾಸನಸಭೆಯ ಮೇಲೆ ಕಣ್ಣಿಡುವುದನ್ನು ಒಂದು ಕಾಯಂ ಕೆಲಸ ಮಾಡಿಕೊಂಡಿವೆ.

ವರ್ಷವಿಡೀ ನಡೆಯುವ ಕೆಲಸ

ವರ್ಷದ ಆರಂಭದಲ್ಲಿ ಮಂಡಳಿ ಬಹಿರಂಗ ಸಭೆಯಲ್ಲಿ ಒಂದು ಪಟ್ಟಿ ಅಂಗೀಕರಿಸುತ್ತದೆ. ನೀರಿನ ವಿಷಯದಲ್ಲಿ ನಮ್ಮ ನಿಲುವು ಏನು, ಕೃಷಿ ಭೂಮಿಯ ವಿಷಯದಲ್ಲಿ ಏನು, ಹೊಸ ಹೊಣೆ ಹೊರಿಸಿದರೆ ಹಣ ಯಾರು ಕೊಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಪಟ್ಟಿ ಇದ್ದರೆ ಮಸೂದೆ ಬಂದಾಗ ಪ್ರತಿ ಬಾರಿ ಸಭೆ ಕರೆಯಲು ಕಾಯಬೇಕಿಲ್ಲ. ಅಧಿಕಾರಿ ಅಂದೇ ಪತ್ರ ಬರೆಯಬಹುದು.

ಮುಂದಿನದು ಜರಡಿ ಹಿಡಿಯುವ ಕೆಲಸ. 80 ಸದಸ್ಯರ ಅಸೆಂಬ್ಲಿ, 40 ಸದಸ್ಯರ ಸೆನೆಟ್ ಸೇರಿ ವರ್ಷಕ್ಕೆ ಸುಮಾರು ಎರಡು ಸಾವಿರ ಮಸೂದೆಗಳು ಬರುತ್ತವೆ. ಕೌಂಟಿಯ ಶಾಸನ ಅಧಿಕಾರಿ ಅವುಗಳಲ್ಲಿ ತಮಗೆ ತಟ್ಟುವುದನ್ನು ಆರಿಸಿ ಆಯಾ ಇಲಾಖೆಯ ಮುಖ್ಯಸ್ಥರಿಗೆ ಕಳುಹಿಸುತ್ತಾರೆ. ಕೃಷಿಯ ಮಸೂದೆ ಕೃಷಿ ಅಧಿಕಾರಿಗೆ, ಜೈಲಿನ ಮಸೂದೆ ಷೆರಿಫ್‌ಗೆ. ಅವರು ಓದಿ "ಇದರಿಂದ ನಮಗೆ ಇಷ್ಟು ಆಳು, ಇಷ್ಟು ಹಣ ಬೇಕಾಗುತ್ತದೆ" ಎಂದು ಲೆಕ್ಕ ಕೊಡುತ್ತಾರೆ. ಗಮನಿಸಿ, ಎಲ್ಲಕ್ಕಿಂತ ಬೆಲೆಬಾಳುವುದು ಈ ಲೆಕ್ಕ. ಹೆಚ್ಚು ಖರ್ಚಿನ ಮಸೂದೆಗಳನ್ನು ಅಲ್ಲಿನ ಹಣಕಾಸು ಸಮಿತಿಗಳು ಪ್ರತ್ಯೇಕವಾಗಿ ತಡೆದಿಟ್ಟು ಪರಿಶೀಲಿಸುತ್ತವೆ. ಅಲ್ಲಿ ಆವೇಶದ ಭಾಷಣಕ್ಕಿಂತ ಅಂಕಿಗೆ ಮಾನ್ಯತೆ.

ಆಮೇಲೆ ನಿಲುವು. ಬೆಂಬಲ, ವಿರೋಧ, ತಿದ್ದಿದರೆ ಬೆಂಬಲ, ತಿದ್ದದಿದ್ದರೆ ವಿರೋಧ, ಸುಮ್ಮನೆ ಗಮನಿಸುವುದು ಎಂದು ಐದು ಬಗೆ. ಹೆಚ್ಚು ಕೆಲಸ ಮಾಡುವುದು ನಡುವಿನ ಎರಡು. ಬೇಡವೇ ಬೇಡ ಎಂದವನ ಜೊತೆ ಮಸೂದೆ ತಂದವನು ಮಾತಾಡುವುದಿಲ್ಲ. ಈ ಸಾಲು ಹೀಗೆ ಬದಲಾಯಿಸಿ ಎಂದು ಬರೆದುಕೊಟ್ಟವನ ಜೊತೆ ಮಾತಾಡುತ್ತಾನೆ.

ನಿಲುವನ್ನು ಪತ್ರದಲ್ಲಿ ಬರೆದು ಮಸೂದೆ ತಂದ ಸದಸ್ಯರಿಗೂ ಸಮಿತಿಗೂ ಗಡುವಿನೊಳಗೆ ಕಳುಹಿಸುತ್ತಾರೆ. ಸಮಿತಿಯ ಸಿಬ್ಬಂದಿ ಸಿದ್ಧಪಡಿಸುವ ವಿಶ್ಲೇಷಣೆಯಲ್ಲಿ ಯಾರು ಪರ, ಯಾರು ವಿರೋಧ ಎಂದು ಹೆಸರು ಅಚ್ಚಾಗುತ್ತದೆ. ಗಡುವು ತಪ್ಪಿದರೆ ಹೆಸರಿಲ್ಲ. ವಿಚಾರಣೆಯ ದಿನ ಹೋಗಿ ಸಾಕ್ಷಿ ನುಡಿಯಬಹುದು. ಎರಡೂ ಸದನ ದಾಟಿದ ಮೇಲೆ ಗವರ್ನರಿಗೆ ಸಹಿ ಹಾಕಿ ಅಥವಾ ಹಿಂದಕ್ಕೆ ಕಳುಹಿಸಿ ಎಂದು ಪತ್ರ.

ಇದಕ್ಕೆಲ್ಲ ಸಮಯ ಸಿಗುವಂತೆ ನಿಯಮವಿದೆ. ಮಂಡನೆಯಾದ ಮಸೂದೆಯನ್ನು ಸಾಮಾನ್ಯವಾಗಿ 30 ದಿನ ಕಳೆಯುವವರೆಗೆ ಸಮಿತಿ ಕೈಗೆತ್ತಿಕೊಳ್ಳುವಂತಿಲ್ಲ. ಆದರೂ ಅಧಿವೇಶನದ ಕೊನೆಯಲ್ಲಿ ಹಳೆಯ ಮಸೂದೆಯ ಒಳಗಿನದನ್ನೆಲ್ಲ ತೆಗೆದು ಹೊಸ ವಿಷಯ ತುಂಬಿ ರಾತ್ರೋರಾತ್ರಿ ಪಾಸು ಮಾಡುವ ಚಾಳಿ ಅಲ್ಲಿತ್ತು. 2016ರಲ್ಲಿ ಮತದಾರರೇ ಒಂದು ತಿದ್ದುಪಡಿ ಒಪ್ಪಿದರು. ಅದರಂತೆ ಅಂತಿಮ ರೂಪದ ಮಸೂದೆ ಮತಕ್ಕೆ ಹೋಗುವ ಮೊದಲು 72 ಗಂಟೆ ಎಲ್ಲರಿಗೂ ಓದಲು ಸಿಗಬೇಕು.

ಒಂಟಿ ಕೌಂಟಿಯ ದನಿ ಸಣ್ಣದು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಕೋಟಿಯ ಹತ್ತಿರ ಜನ, ಆಲ್ಪೈನ್ ಕೌಂಟಿಯಲ್ಲಿ ಸಾವಿರ ಚಿಲ್ಲರೆ ಜನ. ಎಲ್ಲರೂ ಸೇರಿ ರಾಜ್ಯ ಮಟ್ಟದ ಕೌಂಟಿಗಳ ಸಂಘ ಕಟ್ಟಿಕೊಂಡಿದ್ದಾರೆ. ಗ್ರಾಮೀಣ ಕೌಂಟಿಗಳಿಗೆ ಬೇರೆಯದೇ ಒಂದು ಸಂಘಟನೆ ಇದೆ. ನಮ್ಮ ಸಂಘ, ಒಕ್ಕೂಟ, ಮಹಾಮಂಡಳ ಎಂಬ ಮೂರು ಹಂತದ ವ್ಯವಸ್ಥೆ ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಸಗಣಿಯ ಮಸೂದೆ

ಒಂದು ಉದಾಹರಣೆ ನೋಡೋಣ. 2016ರಲ್ಲಿ ಅಲ್ಲಿ ಮೀಥೇನ್ ಅನಿಲ ತಗ್ಗಿಸಲು ಒಂದು ಕಾಯ್ದೆ ಬಂತು. ಅದರ ಸಂಖ್ಯೆ 1383. ಡೈರಿ ಮತ್ತು ಜಾನುವಾರುಗಳ ಸಗಣಿಯಿಂದ ಹೊರಡುವ ಮೀಥೇನ್ 2030ರ ಹೊತ್ತಿಗೆ 2013ರ ಮಟ್ಟಕ್ಕಿಂತ ಶೇ. 40ರವರೆಗೆ ಇಳಿಯಬೇಕು ಎಂದಿತು. ಅದೇ ಕಾಯ್ದೆಯ ಇನ್ನೊಂದು ಭಾಗ, ಕಸದ ಗುಂಡಿಗೆ ಹೋಗುವ ಹಸಿ ಕಸವನ್ನು 2025ರ ಹೊತ್ತಿಗೆ ಶೇ. 75ರಷ್ಟು ಕಡಿಮೆ ಮಾಡುವ ಗುರಿ ಇಟ್ಟಿತು. ಮೊದಲನೆಯದು ಹೈನುಗಾರನಿಗೆ ತಟ್ಟಿತು, ಎರಡನೆಯದು ಕೌಂಟಿ ಮತ್ತು ನಗರಗಳಿಗೆ.

ಹೈನುಗಾರರಿಗೆ ಆ ಕಾಯ್ದೆಯಲ್ಲೇ ಉಸಿರಾಡಲು ಜಾಗ ಸಿಕ್ಕಿತು. ಸಗಣಿಯ ಬಗ್ಗೆ ಕಡ್ಡಾಯ ನಿಯಮಗಳು 2024ರ ಜನವರಿಗೆ ಮೊದಲು ಜಾರಿಯಾಗುವಂತಿಲ್ಲ, ಅಷ್ಟರಲ್ಲಿ ಪ್ರೋತ್ಸಾಹದ ಮೂಲಕ ಕೆಲಸವಾಗಲಿ ಎಂಬ ಮಾತು ಅದರಲ್ಲಿದೆ. ದೊಡ್ಡ ಡೈರಿಗಳಲ್ಲಿ ಗೋಬರ್ ಅನಿಲ ಘಟಕ ಕಟ್ಟಲು ರಾಜ್ಯದ ಸಹಾಯಧನ ಬಂತು. ಕೌಂಟಿಗಳಿಗೆ ಬೇರೆ ಪೆಟ್ಟು ಬಿತ್ತು. ಹಸಿ ಕಸ ಬೇರೆ ಮಾಡಿ ಒಯ್ಯಲು ಹಣ ಬೇಕು. ಆದರೆ ನೀವೇ ಜನರಿಂದ ಶುಲ್ಕ ವಸೂಲು ಮಾಡಬಹುದಾದ್ದರಿಂದ ರಾಜ್ಯ ಹಣ ಭರಿಸಿಕೊಡಬೇಕಿಲ್ಲ ಎಂದು ಕಾಯ್ದೆ ಹೇಳಿತು.

ಕೌಂಟಿಗಳು ಸುಮ್ಮನೆ ಕೂರಲಿಲ್ಲ. ಕಾಯ್ದೆಯಾದ ಮೇಲೆ ನಿಯಮಾವಳಿ ಬರೆಯುವ ಹಂತ ಇರುತ್ತದೆಯಲ್ಲ, ಅಲ್ಲಿಗೂ ಬೆನ್ನಟ್ಟಿದರು. ಮನೆಗಳು ಮೈಲಿಗೊಂದಾಗಿ ಚದುರಿರುವ ಕಡೆ ಕಸದ ಲಾರಿ ಓಡಿಸಿದರೆ ಏನು ಲಾಭ ಎಂದು ಲೆಕ್ಕ ಮುಂದಿಟ್ಟರು. ಜನ ಕಡಿಮೆ ಇರುವ ಗ್ರಾಮೀಣ ಕೌಂಟಿಗಳಿಗೆ ವಿನಾಯಿತಿ ಸಿಕ್ಕಿತು. ನಿಯಮಗಳು 2022ರಲ್ಲಿ ಜಾರಿಗೆ ಬಂದವು. ಅದಕ್ಕೆ ಮುನ್ನ 2021ರಲ್ಲಿ ಬಂದ ಇನ್ನೊಂದು ಕಾಯ್ದೆ, ತಯಾರಿ ಮುಗಿಯದಿದ್ದರೂ ಯೋಜನೆ ಬರೆದುಕೊಟ್ಟ ಸ್ಥಳೀಯ ಸಂಸ್ಥೆಗಳನ್ನು ಮೊದಲ ವರ್ಷದ ದಂಡದಿಂದ ಪಾರು ಮಾಡಿತು. ಕಾಯ್ದೆ ಬಿದ್ದುಹೋಗಲಿಲ್ಲ, ಆದರೆ ಹೊರಬಹುದಾದಷ್ಟು ಹಗುರವಾಯಿತು.

ಸೋತದ್ದೂ ಉಂಟು

ಯಾವಾಗಲೂ ಗೆಲ್ಲುತ್ತಾರೆಂದು ತಿಳಿಯಬೇಡಿ. 1978ರಲ್ಲಿ ಮತದಾರರು ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೆ ಮಿತಿಗೊಳಿಸಿದರು. ಅಲ್ಲಿಂದ ಆ ತೆರಿಗೆಯನ್ನು ಯಾರಿಗೆ ಎಷ್ಟು ಹಂಚಬೇಕೆಂಬುದು ರಾಜ್ಯದ ಕೈಗೆ ಹೋಯಿತು. 1992 ಮತ್ತು 1993ರಲ್ಲಿ ರಾಜ್ಯದ ಬೊಕ್ಕಸ ಬರಿದಾದಾಗ ಕೌಂಟಿಗಳ ಪಾಲಿನ ದೊಡ್ಡ ಮೊತ್ತವನ್ನು ಶಾಲೆಗಳ ನಿಧಿಗೆ ತಿರುಗಿಸಿ ರಾಜ್ಯ ತನ್ನ ಹೊರೆ ಇಳಿಸಿಕೊಂಡಿತು. ಎಷ್ಟು ಪತ್ರ ಬರೆದರೂ ನಿಲ್ಲಲಿಲ್ಲ.

ಹತ್ತು ವರ್ಷ ಕಾದು 2004ರಲ್ಲಿ ಕೌಂಟಿ, ನಗರಗಳ ಸಂಘಟನೆಗಳು ಸಹಿ ಸಂಗ್ರಹಿಸಿ ತಮ್ಮದೇ ಪ್ರಸ್ತಾವವನ್ನು ಜನಮತಕ್ಕೆ ತಂದವು. ಆಗ ಗವರ್ನರ್ ಷ್ವಾರ್ಜ್‌ನೆಗರ್ ಮಾತುಕತೆಗೆ ಬಂದರು. ರಾಜಿಯಾಗಿ ಬೇರೊಂದು ತಿದ್ದುಪಡಿ ಸಿದ್ಧವಾಯಿತು. ಸಂಘಟನೆಗಳು ತಮ್ಮ ಪ್ರಸ್ತಾವ ಕೈಬಿಟ್ಟು ಅದನ್ನು ಬೆಂಬಲಿಸಿದವು. ಶೇ. 80ಕ್ಕೂ ಹೆಚ್ಚು ಮತದಾರರು ಒಪ್ಪಿದರು. ಅದರಂತೆ ರಾಜ್ಯ ಸ್ಥಳೀಯರ ತೆರಿಗೆಯನ್ನು ಸುಮ್ಮನೆ ಕಸಿಯುವಂತಿಲ್ಲ. ಕಷ್ಟಕಾಲದಲ್ಲಿ ಸಾಲ ಪಡೆಯಬಹುದು, ಬಡ್ಡಿ ಸಮೇತ ಮೂರು ವರ್ಷದಲ್ಲಿ ತೀರಿಸಬೇಕು. 2009ರಲ್ಲಿ ರಾಜ್ಯ ಹಾಗೆಯೇ ಸಾಲ ಪಡೆಯಿತು, ತೀರಿಸಿತು. 2010ರಲ್ಲಿ ಜನಮತದ ಮೂಲಕ ಆ ಸಾಲದ ಬಾಗಿಲೂ ಮುಚ್ಚಿತು.

ರೈತರಿಗೆ ಸಂಬಂಧಿಸಿದ ಇನ್ನೊಂದು ಸೋಲು. 1965ರ ಕಾಯ್ದೆಯಂತೆ ರೈತ ತನ್ನ ಜಮೀನನ್ನು ಕನಿಷ್ಠ 10 ವರ್ಷ ಕೃಷಿಗೇ ಇಡುತ್ತೇನೆಂದು ಕೌಂಟಿಯೊಂದಿಗೆ ಕರಾರು ಮಾಡಿಕೊಂಡರೆ ತೆರಿಗೆ ಕಡಿಮೆ. ಕೌಂಟಿಗೆ ಆಗುವ ನಷ್ಟಕ್ಕೆ ರಾಜ್ಯ ಹಣ ಕೊಡುತ್ತಿತ್ತು. 2009ರಲ್ಲಿ ಆ ಹಣ ಹೆಚ್ಚುಕಡಿಮೆ ಸೊನ್ನೆಯಾಯಿತು. ಕೌಂಟಿಗಳು ಒತ್ತಾಯಿಸಿ ಪಡೆದದ್ದು ಅರೆಪರಿಹಾರ. 2011ರ ಕಾಯ್ದೆಯಂತೆ ಕರಾರಿನ ಅವಧಿಯನ್ನು ಹತ್ತರಲ್ಲಿ ಒಂದು ಪಾಲು ಇಳಿಸಿ ರೈತನಿಂದ ಸ್ವಲ್ಪ ಹೆಚ್ಚು ತೆರಿಗೆ ಪಡೆಯಬಹುದು.

ಒಂದು ಎಚ್ಚರಿಕೆಯ ಮಾತೂ ಇದೆ. ಸಾರ್ವಜನಿಕರ ಹಣದಿಂದ ಶಾಸನಸಭೆಗೆ ಅಹವಾಲು ಹೇಳುವುದು ಸರಿ, ಚುನಾವಣೆಯಲ್ಲಿ ಒಂದು ಪಕ್ಷ ಹಿಡಿದು ಪ್ರಚಾರ ಮಾಡುವುದು ಸಲ್ಲದು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಗೆರೆ ಎಳೆದಿದೆ. ಇಂಥ ಅಹವಾಲಿಗೆ ಮಾಡಿದ ಖರ್ಚನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಸಂಘದ ದುಡ್ಡು ಸದಸ್ಯರ ದುಡ್ಡು ಎಂಬ ನಮ್ಮ ಮಾತೂ ಇದೇ ಅಲ್ಲವೇ?

ನಮಗೇನು ಪಾಠ?

ಬಂಧುಗಳೇ, ಸಹಕಾರ ಸಂಘ ರಾಜ್ಯ ಪಟ್ಟಿಯ ವಿಷಯ. 97ನೇ ಸಂವಿಧಾನ ತಿದ್ದುಪಡಿ 2012ರ ಫೆಬ್ರವರಿಯಿಂದ ಜಾರಿಗೆ ಬಂತು. ಅದನ್ನನುಸರಿಸಿ ನಮ್ಮ 1959ರ ಸಹಕಾರ ಸಂಘಗಳ ಕಾಯ್ದೆಗೂ ಬದಲಾವಣೆಗಳಾದವು. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ರಾಜ್ಯಗಳ ಅನುಮೋದನೆ ಪಡೆಯದ ಕಾರಣ ಆ ತಿದ್ದುಪಡಿಯ ಸಹಕಾರ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸದು ಎಂದಿತು. ಅಂದರೆ ನಮ್ಮ ಸಂಘದ ಹಣೆಬರಹ ಬರೆಯುವುದು ವಿಧಾನಸೌಧದಲ್ಲಿಯೇ. 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದ ಪ್ರೋತ್ಸಾಹಧನ ಮುಂದೆ 5 ರೂಪಾಯಿ ಆದದ್ದೂ ಸರ್ಕಾರದ ತೀರ್ಮಾನದಿಂದಲೇ.

ನಮಗೆ ದಾರಿಗಳಿಲ್ಲವೆಂದಲ್ಲ. ವಿಧಾನಸಭೆಯ 224 ಸದಸ್ಯರಲ್ಲಿ ಹಾಲು ಹಾಕುವ ಮತದಾರರಿಲ್ಲದ ಹಳ್ಳಿಗಾಡಿನ ಕ್ಷೇತ್ರ ಯಾರದ್ದಿದೆ? ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಾನಗಳನ್ನು ತುಂಬುವುದು ಗ್ರಾಮ ಪಂಚಾಯಿತಿ ಸದಸ್ಯರೂ ಸೇರಿದ ಸ್ಥಳೀಯ ಸಂಸ್ಥೆಗಳ ಮತದಾರರು. ಅವರಲ್ಲಿ ಎಷ್ಟೋ ಮಂದಿ ನಮ್ಮ ಸಂಘಗಳ ಸದಸ್ಯರೇ.

ಆದ್ದರಿಂದ ಮೂರು ಕೆಲಸ ಹೇಳುತ್ತೇನೆ. ಒಂದು, ಪ್ರತಿ ಮಹಾಸಭೆಯಲ್ಲಿ ಕಾಯ್ದೆಯ ವಿಷಯದಲ್ಲಿ ನಮ್ಮ ಸಂಘದ ನಿಲುವೇನೆಂದು ಅರ್ಧ ಪುಟ ಬರೆದು ಠರಾವು ಮಾಡಿ. ಎರಡು, ಅಧಿವೇಶನ ಕರೆದಾಗ ಸಹಕಾರ, ಪಶುಸಂಗೋಪನೆಗೆ ಸಂಬಂಧಿಸಿದ ಮಸೂದೆ ಇದೆಯೇ ಎಂದು ಒಕ್ಕೂಟದಲ್ಲಿ ವಿಚಾರಿಸಿ, ಸಂಘದ ನೋಟೀಸು ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿ. ನಮ್ಮಲ್ಲಿ ಒಂದೇ ಅಧಿವೇಶನದಲ್ಲಿ ಮಂಡನೆ, ಅಂಗೀಕಾರ ಎರಡೂ ಮುಗಿಯುವುದುಂಟು. ಅದಕ್ಕೇ ಠರಾವು ಮೊದಲೇ ಸಿದ್ಧವಿರಬೇಕು. ಮೂರು, ಶಾಸಕರಿಗೆ ಪತ್ರ ಬರೆಯುವಾಗ ಬೇಡ ಎಂದಷ್ಟೇ ಬರೆಯಬೇಡಿ. ಎಷ್ಟು ಸದಸ್ಯರಿಗೆ ತೊಂದರೆ, ಎಷ್ಟು ರೂಪಾಯಿ ಹೊರೆ, ಯಾವ ಸಾಲು ಬದಲಾಗಬೇಕು ಎಂದು ಬರೆಯಿರಿ.

ಇದೆಲ್ಲ ಆಗುವುದು ಸದಸ್ಯರು ಮಹಾಸಭೆಗೆ ಬಂದರೆ ಮಾತ್ರ. ಹಾಲು ಹಾಕಿ ಕ್ಯಾನು ತೊಳೆದು ಹೋದರೆ ಸಾಲದು. ಆ ಹಿರಿಯರು ಕೇಳಿದ ಪ್ರಶ್ನೆ ಇನ್ನೊಬ್ಬ ಸದಸ್ಯನ ಬಾಯಲ್ಲಿ ಬರದಂತೆ ನೋಡಿಕೊಳ್ಳುವುದು ಕಾರ್ಯದರ್ಶಿಗಳಾದ, ಅಧ್ಯಕ್ಷರಾದ ನಿಮ್ಮ ಹೊಣೆ, ನನ್ನ ಹೊಣೆ.

ಜೈ ಸಹಕಾರ.