ಗಾಲಿಯ ಹೊಳಪು, ತೊಳೆಯುವವನ ಕೈ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾರಿನ ಗಾಲಿ ತೊಳೆಯುವುದಕ್ಕೂ ಒಂದು ಭಾಷಣವೇ ಎಂದು ಕೆಲವರಿಗೆ ನಗು ಬಂದಿರಬಹುದು. ಆದರೆ ಇಲ್ಲಿ ಪತ್ರಿಕೆ ಓದಲು ಬರುವವರಲ್ಲಿ ಬಾಡಿಗೆ ಗಾಡಿ ಓಡಿಸುವವರಿದ್ದಾರೆ. ಬೆಳಗಿನ ಜಾವ ಸೊಸೈಟಿಗಳಲ್ಲಿ ಗಾಡಿ ತೊಳೆದು ತಿಂಗಳ ಹಣ ಪಡೆಯುವವರಿದ್ದಾರೆ. ಸಾಲ ಮಾಡಿ ಹಳೆಯ ಕಾರು ಕೊಂಡ ಗುಮಾಸ್ತರೂ ಇದ್ದಾರೆ. ಮೂವರಿಗೂ ಸಂಬಂಧಿಸಿದ ವಿಷಯವಿದು. ಅದರಲ್ಲಿಯೂ ತೊಳೆಯುವವರ ಕೈಗೆ ಸಂಬಂಧಿಸಿದುದು.

ಅಲಾಯ್ ಗಾಲಿ ಎಂದರೆ ಅಲ್ಯುಮಿನಿಯಂ ಜೊತೆಗೆ ನೂರಕ್ಕೆ ಸುಮಾರು 7ರಷ್ಟು ಸಿಲಿಕಾನ್, ಅತ್ಯಲ್ಪ ಮೆಗ್ನೀಸಿಯಂ ಕೂಡಿಸಿ ಎರಕ ಹೊಯ್ದ ಗಾಲಿ. ಪುಣೆ ಬಳಿಯ ಶಿಕ್ರಾಪುರದಲ್ಲಿಯೂ ವಿಶಾಖಪಟ್ಟಣದಲ್ಲಿಯೂ ಇಂಥವನ್ನು ಮಾಡುವ ಕಾರ್ಖಾನೆಗಳಿವೆ. ಎರಕಕ್ಕೆ ಬಣ್ಣ ಹಚ್ಚಿ, ಬಳಿಕ ಅದರ ಮುಖವನ್ನು ಲೇಥಿಗೆ ಕಟ್ಟಿ ತೆಳ್ಳಗೆ ಹೆರೆದರೆ ಅದು ಮಷಿನ್ ಕಟ್ ಗಾಲಿ. ಟರ್ನರ್ ಕೆಲಸ ಬಲ್ಲ ಮಿತ್ರರು ಹತ್ತಿರದಿಂದ ನೋಡಿದರೆ ಟೂಲ್ ಹಾದುಹೋದ ನವಿರು ಗೆರೆಗಳು ಕಾಣುತ್ತವೆ. ಹೀಗೆ ಬತ್ತಲಾದ ಲೋಹದ ಮೇಲೆ ಪಾರದರ್ಶಕವಾದ ವಾರ್ನಿಶ್ ಕೊಟ್ಟಿರುತ್ತಾರೆ. ಅದರ ದಪ್ಪ ಹೆಚ್ಚೆಂದರೆ ಒಂದು ತಲೆಗೂದಲಿನಷ್ಟು. ನಾವು ಕಾಪಾಡಬೇಕಾದುದು ಆ ಪೊರೆಯನ್ನು. ಪೊರೆ ಉಳಿದರೆ ಹೊಳಪು ತಾನಾಗಿ ಉಳಿಯುತ್ತದೆ.

ಅಲ್ಯುಮಿನಿಯಂ ಸ್ವಭಾವ ನಮ್ಮ ಮನೆಯ ತಾಯಂದಿರಿಗೆ ಗೊತ್ತು. ಹುಣಸೆಹುಳಿಯ ಸಾರನ್ನು ಆ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡುವುದಿಲ್ಲ; ವಾಷಿಂಗ್ ಸೋಡಾದಲ್ಲಿ ಕುದಿಸಿದರೆ ಪಾತ್ರೆ ಕಪ್ಪಾಗುತ್ತದೆ. ಹುಳಿಯೂ ಆಗದು, ಕ್ಷಾರವೂ ಆಗದು ಎಂಬ ಲೋಹವಿದು. ಹಿತ್ತಾಳೆಯ ತಂಬಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಂತೆ ಗಾಲಿಯನ್ನು ತಿಕ್ಕಲಾಗದು.

ಇನ್ನು ನಮ್ಮ ಡೊಂಬಿವಲಿ ಎಂಐಡಿಸಿಯ ಹವೆಯ ಮಾತು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿದ್ದುದನ್ನು, 2020ರ ಫೆಬ್ರುವರಿಯಲ್ಲಿ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದುದನ್ನು ಪತ್ರಿಕೆಗಳೆಲ್ಲ ಬರೆದವು. ಇಂಥ ಊರಿನ ಧೂಳು ಗಾಲಿಯ ಮೇಲೆ ಕೂತರೆ ಅದು ಬರಿಯ ಮಣ್ಣೆಂದು ತಿಳಿಯಬಾರದು. ಅದರ ಮೇಲೆ ಮಳೆಗಾಲದ ತೇವ, ಖಾಡಿಯ ಉಪ್ಪುಗಾಳಿ. ಫುಟ್‌ಪಾತಿಗೆ ಉಜ್ಜಿ ವಾರ್ನಿಶ್ ಎಲ್ಲಿ ಕೂದಲೆಳೆಯಷ್ಟು ಸೀಳಿತೋ ಅಲ್ಲಿಂದ ತೇವ ಒಳಹೊಕ್ಕು, ಗೆದ್ದಲು ಗೋಡೆಯ ಮೇಲೆ ದಾರಿ ಕಟ್ಟಿಕೊಂಡು ಹೋದ ಹಾಗೆ, ಪೊರೆಯ ಕೆಳಗೆ ಬೆಳ್ಳಗಿನ ಗೆರೆಗಳು ಹಬ್ಬುತ್ತವೆ. ಹಬ್ಬಿದ ಮೇಲೆ ಎಷ್ಟು ತೊಳೆದರೂ ಹೋಗವು. ವಾರ್ನಿಶ್ ತೆಗೆದು, ಮತ್ತೆ ಲೇಥಿನಲ್ಲಿ ಹೆರೆಸಬೇಕು. ಹೆರೆದಷ್ಟು ಸಲ ಲೋಹ ಸವೆಯುವುದರಿಂದ ಇದು ಮತ್ತೆ ಮತ್ತೆ ಮಾಡಿಸುವ ಕೆಲಸವಲ್ಲ. ಟಯರು ಕೂಡುವ ಅಂಚಿನಲ್ಲಿಯೇ ಸವೆತ ಹತ್ತಿದರೆ ಗಾಳಿ ಮೆಲ್ಲಗೆ ಸೋರತೊಡಗುತ್ತದೆ.

ಆದುದರಿಂದ ತೊಳೆಯುವ ಕ್ರಮವನ್ನು ಹೇಳುತ್ತೇವೆ. ಮೊದಲನೆಯದು, ಗಾಡಿ ಓಡಿ ಬಂದ ಕೂಡಲೆ ನೀರು ಹಾಕಬಾರದು. ಗಾಲಿ ಮುಟ್ಟಿದರೆ ತಣ್ಣಗಿರಬೇಕು. ಎರಡನೆಯದು, ಗಾಡಿಯ ಮೈಗಿಂತ ಮೊದಲು ಗಾಲಿಗಳನ್ನು ತೊಳೆಯುವುದು. ಅವಕ್ಕೆ ಬೇರೆಯೇ ಬಕೆಟ್ಟು, ಬೇರೆಯೇ ಬಟ್ಟೆ. ಬ್ರೇಕಿನಿಂದ ಉದುರುವ ಕಪ್ಪು ಪುಡಿಯಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಮೊದಲು ಧಾರಾಳ ನೀರಿನಿಂದ ಅವನ್ನು ಇಳಿಸದೆ ತಿಕ್ಕಿದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಮೂರನೆಯದು, ಕಾರಿನ ಸೌಮ್ಯ ಶಾಂಪೂ, ಮೆತ್ತನೆಯ ಬ್ರಶ್ಶು. ಪಾತ್ರೆ ತಿಕ್ಕುವ ತಂತಿ, ಬಟ್ಟೆಯ ಸೋಪಿನ ಪುಡಿ ಬೇಡ. ನಾಲ್ಕನೆಯದು, ಚೆನ್ನಾಗಿ ನೀರು ಬಿಟ್ಟು, ಒಣಬಟ್ಟೆಯಿಂದ ನಟ್ಟಿನ ಗುಳಿಗಳ ತನಕ ಒರೆಸುವುದು. ವಾರಕ್ಕೊಮ್ಮೆ ಹೀಗೆ ಮಾಡಿ, ಎರಡು ಮೂರು ತಿಂಗಳಿಗೊಮ್ಮೆ ಮೇಣದ ಪಾಲಿಶ್ ಹಚ್ಚಿದರೆ ಕೊಳೆ ಅಂಟುವುದೇ ಕಡಿಮೆಯಾಗುತ್ತದೆ.

ಇನ್ನು ಮುಖ್ಯವಾದ ಮಾತು. ವಾರಗಟ್ಟಲೆ ಬಿಟ್ಟ ಗಾಲಿಯನ್ನು ಐದು ನಿಮಿಷದಲ್ಲಿ ಬೆಳಗಿಸುವ ಆತುರಕ್ಕೆ ಕೆಲವರು ಲೇಬಲ್ಲಿಲ್ಲದ ಬಾಟಲಿಯಿಂದ 'ಆಸಿಡ್' ಹಾಕುತ್ತಾರೆ. ಗಾಲಿ ತೊಳೆಯುವ ಕೆಲವು ಕಡುದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಂ ಬೈಫ್ಲೋರೈಡೋ ಇರುತ್ತದೆ. ಇದರ ಮೋಸವೆಂದರೆ, ನೀರು ಬೆರೆಸಿ ತೆಳುಮಾಡಿದ್ದು ಕೈಗೆ ಬಿದ್ದರೆ ಒಡನೆ ಉರಿಯದೆಯೂ ಇರಬಹುದು. ಎಷ್ಟೋ ಗಂಟೆಗಳ ಮೇಲೆ ನೋವು ಏಳುತ್ತದೆ. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿಳಿದು ದೇಹದ ಸುಣ್ಣದಂಶವನ್ನು ಹಿಡಿದುಕೊಂಡಿರುತ್ತದೆ. ತಾಗಿತೆಂದು ಅನುಮಾನ ಬಂದರೂ ಸಾಕು, ನೋವಿಗೆ ಕಾಯದೆ ಧಾರೆ ನೀರಿನಲ್ಲಿ ತೊಳೆದು, ಬಾಟಲಿಯ ಹೆಸರು ಸಮೇತ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಎಂಬ ಔಷಧವಿದೆ. ಯಾವ ಆಮ್ಲವೆಂದು ವೈದ್ಯರಿಗೆ ತಿಳಿದರೆ ತಾನೇ ಅದನ್ನು ಕೊಡುವುದು? ಕೆಮಿಕಲ್ ಕಾರ್ಖಾನೆಯ ಮಿತ್ರರಿಗೆ ಪಿಎಚ್ ಕಾಗದ ಪರಿಚಿತವೇ. ಆದರೆ ಹುಳಿ ಎಷ್ಟೆಂದು ಅದು ಹೇಳೀತೇ ಹೊರತು ಫ್ಲೋರೈಡ್ ಇದೆಯೆಂದು ಹೇಳದು. ಲೇಬಲ್ಲನ್ನೇ ಓದಬೇಕು.

ಅದು ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಇಲ್ಲಿ ನಮ್ಮ ವಾಚನಾಲಯದ ಕೆಲಸ ಬರುತ್ತದೆ. ಗಾಡಿ ತೊಳೆಯುವ ಬಂಧುಗಳು ಬಾಟಲಿಯ ಲೇಬಲ್ಲನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಇಲ್ಲಿಗೆ ತರಲಿ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಕಾಗದ ಓದುವ ನಮ್ಮ ಗುಮಾಸ್ತ ಮಿತ್ರರು ಎರಡು ನಿಮಿಷ ಅದನ್ನೂ ಓದಿ ಕನ್ನಡದಲ್ಲಿ ಹೇಳಲಿ. ಲೇಬಲ್ಲಿಲ್ಲದ ಬಾಟಲಿಯನ್ನು ಮುಟ್ಟಲಾರೆವೆಂದು ಹೇಳುವ ಧೈರ್ಯ ತೊಳೆಯುವವರಿಗೆ ಬರಲಿ. ಕಾರಿನವರೂ ಶಾಂಪೂ, ಕೈಗವಸುಗಳನ್ನು ತಾವೇ ಕೊಡಿಸಿ, ವಾರಕ್ಕೊಮ್ಮೆ ನಿಧಾನವಾಗಿ ತೊಳೆಯುವಷ್ಟು ಹೊತ್ತನ್ನೂ ಕೊಡಲಿ.

ಕೆಟ್ಟ ಗಾಲಿಯನ್ನು ದುಡ್ಡು ಕೊಟ್ಟು ಇನ್ನೊಂದು ತರಬಹುದು. ಕೈ ಹಾಗಲ್ಲ, ಊರಿಗೆ ಹಣ ಕಳುಹಿಸುವುದು ಆ ಕೈಯೇ.