ಜಾಂಗೋ ಕಲಿಯುವವರ ಮೊದಲ ತೊಡಕುಗಳು



ಕನ್ನಡ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳು ಇಂದು ಜಾಲತಾಣ ಕಟ್ಟುವ ವಿದ್ಯೆಗೆ ಕೈಹಾಕುತ್ತಿರುವುದು ಗಡಿನಾಡಿನ ಮನೆಗಳಿಗೆ ಸಂತೋಷದ ಸಂಗತಿ. ಆದರೆ ತೆರೆಯ ಮೇಲೆ ಇಂಗ್ಲಿಷಿನಲ್ಲಿ ದೋಷದ ಸಂದೇಶ ಮೂಡಿದೊಡನೆ, ಇದು ಕನ್ನಡ ಮಾಧ್ಯಮದವರಿಗೆ ದಕ್ಕುವ ವಿದ್ಯೆಯಲ್ಲವೆಂದು ಕೈಬಿಡುವವರೂ ಉಂಟು. ಆ ನಿರಾಶೆಗೆ ಆಧಾರವಿಲ್ಲವೆಂಬುದೇ ನಮ್ಮ ಅರಿಕೆ.

ಜಾಂಗೋ ಎಂಬ ಚೌಕಟ್ಟನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಪತ್ರಿಕಾಲಯದಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಇದನ್ನು ಆರಂಭಿಸಿದರು. 2005ರಲ್ಲಿ ಇದು ಸಾರ್ವಜನಿಕರ ಉಪಯೋಗಕ್ಕೆ ಬಿಡುಗಡೆಯಾಯಿತು. ಪೈಥಾನ್ ಭಾಷೆಯಲ್ಲಿ ರಚಿತವಾದ ಇದನ್ನು ಯಾರೂ ಬೆಲೆಯಿಲ್ಲದೆ ಪಡೆಯಬಹುದು.

ದೋಷ ಬಂದಾಗ ಪುಟವೆಲ್ಲವನ್ನೂ ಓದಿ ಕಂಗೆಡಬೇಕಾಗಿಲ್ಲ. ಟರ್ಮಿನಲ್ಲಿನಲ್ಲಿಯಾದರೆ ಕಡೆಯ ಸಾಲನ್ನೂ, ಬ್ರೌಸರಿನಲ್ಲಿಯಾದರೆ ತಲೆಬರಹವನ್ನೂ ಮೊದಲು ನೋಡಬೇಕು. ಬಳಿಕ ಉಳಿದ ಸಾಲುಗಳಲ್ಲಿ ತಾವೇ ಬರೆದ ಕಡತದ ಹೆಸರನ್ನು ಹುಡುಕಬೇಕು. ದೋಷದ ಸುಳಿವು ಸಾಮಾನ್ಯವಾಗಿ ಅಲ್ಲಿರುತ್ತದೆ.

'ಜಾಂಗೋ ಎಂಬ ಮಾಡ್ಯೂಲ್ ಇಲ್ಲ' ಎಂಬ ಸಂದೇಶ ಬಂದರೆ, ಹೊಸ ಟರ್ಮಿನಲ್ಲಿನಲ್ಲಿ ವರ್ಚುಯಲ್ ಎನ್ವಿರಾನ್‌ಮೆಂಟನ್ನು ಚಾಲನೆಗೊಳಿಸಿಲ್ಲವೆಂದೇ ಬಹುಮಟ್ಟಿಗೆ ಅರ್ಥ. 'ಇಂಥ ಟೇಬಲ್ ಇಲ್ಲ' ಎಂದರೆ, ಮೈಗ್ರೇಟ್ ಆಜ್ಞೆ ನಡೆದಿಲ್ಲ. ಮೇಕ್‌ಮೈಗ್ರೇಷನ್ಸ್ ಎಂಬುದು ಮನೆಯ ನಕ್ಷೆ ಬರೆದಂತೆ. ಮೈಗ್ರೇಟ್ ಎಂಬುದು ಗೋಡೆ ಎಬ್ಬಿಸಿದಂತೆ. ನಕ್ಷೆಯನ್ನು ಬರೆದ ಮಾತ್ರಕ್ಕೆ ಒಳಗೆ ವಾಸ ಮಾಡಲಾಗದು.

ಟೆಂಪ್ಲೇಟ್ ದೊರೆಯಲಿಲ್ಲವೆಂದು ಹೇಳುವ ಪುಟವು, ತಾನು ಎಲ್ಲೆಲ್ಲಿ ಹುಡುಕಿದೆನೆಂಬುದನ್ನೂ ತಿಳಿಸುತ್ತದೆ. ಆ ಪಟ್ಟಿಯನ್ನು ತಮ್ಮ ಫೋಲ್ಡರಿನೊಡನೆ ಹೋಲಿಸಿದರೆ ಕಾಗುಣಿತದ ತಪ್ಪೊಂದು ಹೊರಬೀಳುವುದು ಸಾಮಾನ್ಯ. ಫಾರಮನ್ನು ಕಳುಹಿಸಿದಾಗ 403 ಎಂದು ತಡೆದರೆ, ಅದರೊಳಗೆ ಸಿಎಸ್‌ಆರ್‌ಎಫ್ ಟೋಕನ್ ಇದೆಯೇ ಎಂದು ನೋಡಬೇಕು. ಫಾರಮು ನಮ್ಮ ತಾಣದಿಂದಲೇ ಹೊರಟಿತೆಂಬುದಕ್ಕೆ ಅದು ಗುರುತು. ಬೇಸತ್ತು ಆ ಕಾವಲನ್ನೇ ತೆಗೆದುಹಾಕುವುದು ಬಾಗಿಲಿನ ಅಗುಳಿಯನ್ನು ಕಿತ್ತಂತೆ.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ತೊಡಕುಂಟು. ಶೀರ್ಷಿಕೆಯಿಂದ ಪುಟದ ವಿಳಾಸವನ್ನು ಮಾಡುವ ಸ್ಲಗಿಫೈ ಎಂಬ ಸಾಧನವು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ, ಕನ್ನಡ ಶೀರ್ಷಿಕೆಯಿಂದ ಏನೂ ಉಳಿಯುವುದಿಲ್ಲ. ಯೂನಿಕೋಡಿಗೆ ಅನುಮತಿಯಿತ್ತರೂ ಸ್ವರಚಿಹ್ನೆಗಳು ಕಳಚಿಹೋಗುತ್ತವೆ. ವಿಳಾಸದಲ್ಲಿ ಬರಹದ ಕ್ರಮಸಂಖ್ಯೆಯನ್ನು ಬಳಸಿ, ಶೀರ್ಷಿಕೆಯನ್ನು ಪುಟದಲ್ಲಿ ಅಚ್ಚಗನ್ನಡದಲ್ಲಿಯೇ ಇರಿಸುವುದು ಸುಲಭವಾದ ಪರಿಹಾರ. ಇಲ್ಲಿ ತೊಡಕು ಸಾಧನದ್ದೇ ಹೊರತು ಕಲಿಯುವವರದ್ದಲ್ಲ, ನಮ್ಮ ನುಡಿಯದೂ ಅಲ್ಲ.

ಕಲಿಸುವ ಅಣ್ಣಂದಿರಿಗೂ ಅಕ್ಕಂದಿರಿಗೂ ನಮ್ಮದೊಂದು ಬಿನ್ನಹ. ಕಿರಿಯರ ಕೈಯಿಂದ ಕೀಲಿಮಣೆಯನ್ನು ಕಸಿದುಕೊಂಡು ನೀವೇ ಸರಿಪಡಿಸಬೇಡಿರಿ. ಸಂದೇಶವನ್ನು ಓದಿಸಿರಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿರಿ, ಪರಿಹಾರವನ್ನು ಒಂದು ಪುಸ್ತಕದಲ್ಲಿ ಬರೆದಿಡಿಸಿರಿ. ಇಂದು ಒಬ್ಬ ಹುಡುಗಿ ಬರೆದಿಟ್ಟ ಸಾಲು ನಾಳೆ ಬರುವ ಹತ್ತು ಮಂದಿಗೆ ದಾರಿಯಾದೀತು. ಶಾಲೆಯಲ್ಲಿ ಕನ್ನಡವನ್ನು ಉಳಿಸಿಕೊಂಡ ನಾವು, ಹೊಸ ವಿದ್ಯೆಯನ್ನು ಅರಿಯುವಾಗಲೂ ಕನ್ನಡದಲ್ಲಿ ಯೋಚಿಸುವ ಧೈರ್ಯವನ್ನು ಮಕ್ಕಳಿಗೆ ಕೊಡಬೇಕಾಗಿದೆ.