ಕಿವಿಯವರೆಗಿನ ಹಾದಿ

ಬಾನುಲಿ ಬಹು ಉದಾರವಾದ ಸಾಧನ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಪ್ರಸಾರ ಕೇಂದ್ರವನ್ನು ತೆರೆದಂದಿನಿಂದ ಇಂದಿನವರೆಗೆ ಅದು ಕೇಳುವವರ ಹೆಸರನ್ನು ವಿಚಾರಿಸಿದ್ದಿಲ್ಲ. ತಿರುಪನ್ನು ತಿರುಗಿಸಿ ಕಿವಿಗೊಟ್ಟವರಿಗೆಲ್ಲ ಅದರ ಮಾತು ಸಲ್ಲುತ್ತದೆ. ಈಗ ನಮ್ಮ ಮನೆಗಳನ್ನು ಹೊಕ್ಕಿರುವ ಬ್ಲೂಟೂತ್ ಎಂಬುದೂ ಬಾನುಲಿಯ ಕುಲಕ್ಕೇ ಸೇರಿದುದು. ತಂತಿಯ ಹಂಗಿಲ್ಲದೆ ಅಲೆಗಳ ಮೇಲೆ ದನಿಯನ್ನು ಸಾಗಿಸುವಂಥದು. ಆದರೆ ಸ್ವಭಾವದಲ್ಲಿ ಇದು ಬಲು ಸಂಕೋಚದ್ದು. ಪರಿಚಯವಿಲ್ಲದವರೊಡನೆ ಮಾತಾಡದು, ಪರಿಚಯವಾದ ಮಾತ್ರಕ್ಕೆ ಮನಬಿಚ್ಚಿ ಹಾಡದು. ಆ ಸಂಕೋಚವನ್ನು ಬಿಡಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಟೆಲಿವಿಷನ್ನಿಗೆ ಜೋಡಿಸಿದ ಪುಟ್ಟ ಗಣಕಯಂತ್ರವೊಂದಿದೆ. ಹನೂರಿನ ಕಡೆಯ ಹಳ್ಳಿಗಳಲ್ಲಿ ನಾನು ಹಿಂದೆ ಧ್ವನಿಮುದ್ರಿಸಿಕೊಂಡ ಮಾದಪ್ಪನ ಕಥೆಗಳೆಲ್ಲ ಈಗ ಅದರ ಹೊಟ್ಟೆಯಲ್ಲಿವೆ. ಹನೂರಿನಿಂದ ಬಂದು ನಮ್ಮೊಡನಿರುವ ನನ್ನ ಅಕ್ಕನಿಗೆ ಆ ಕಥೆಗಳೆಂದರೆ ಪ್ರಾಣ. ಕಿವಿ ಮಾತ್ರ ವಯಸ್ಸಿನೊಡನೆ ಮಂದವಾಗಿದೆ. ಆಕೆಗೆ ಕೇಳಿಸುವಷ್ಟು ದನಿಯನ್ನು ಏರಿಸಿದರೆ ಒಳಕೋಣೆಯಲ್ಲಿ ಪರೀಕ್ಷೆಗೆ ಓದುವ ಮೊಮ್ಮಗಳಿಗೆ ತೊಂದರೆ. ಇಳಿಸಿದರೆ ಅಕ್ಕನ ಪಾಲಿಗೆ ಮಾದಪ್ಪ ಮೌನಿ. ಹೆಡ್‌ಫೋನು ಬಂದುದು ಈ ವ್ಯಾಜ್ಯದ ತೀರ್ಮಾನಕ್ಕಾಗಿ.

ಬ್ಲೂಟೂತ್ ಎಂದರೆ ನೀಲಿಹಲ್ಲು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ರಾಜನ ಅಡ್ಡಹೆಸರು ಅದು. ಚದುರಿದ್ದ ಜನರನ್ನು ಅವನು ಒಂದುಗೂಡಿಸಿದನೆಂಬ ಖ್ಯಾತಿಯನ್ನು ನೆನೆದು, ಯಂತ್ರಗಳನ್ನು ಕೂಡಿಸುವ ಈ ತಂತ್ರಕ್ಕೆ ಜಿಮ್ ಕಾರ್ಡಾಕ್ ಎಂಬ ಎಂಜಿನಿಯರು 1997ರಲ್ಲಿ ಆ ಹೆಸರನ್ನು ಸೂಚಿಸಿದರು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು 79 ಕಾಲುವೆಗಳಾಗಿ ಹಂಚಿಕೊಂಡು, ಸೆಕೆಂಡಿಗೆ 1,600 ಬಾರಿ ಒಂದರಿಂದ ಇನ್ನೊಂದಕ್ಕೆ ಇದರ ಅಲೆ ಜಿಗಿಯುತ್ತದೆ. ಹುಲಿಯನ್ನೇರಿ ಎಪ್ಪತ್ತೇಳು ಮಲೆಗಳಲ್ಲಿ ಸಂಚರಿಸಿದ ಮಾದಪ್ಪನನ್ನು ಹಾಡುವ ಸೀಮೆಯವರಿಗೆ ಈ ಎಪ್ಪತ್ತೊಂಬತ್ತರ ಸಂಚಾರ ಅಷ್ಟೇನೂ ಅಚ್ಚರಿಯದಲ್ಲ. ಜಿಗಿತದ ಕ್ರಮ ಎರಡೂ ಯಂತ್ರಗಳಿಗೆ ತಿಳಿದಿರಬೇಕು. ಪರಿಚಯ ಬೇಕಾದುದು ಅದಕ್ಕೇ.

ಪರಿಚಯದ ವಿಧಿ ಸುಲಭ. ಹೆಡ್‌ಫೋನಿನ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದು, ಗಣಕಯಂತ್ರದಲ್ಲಿ ಅದರ ಹೆಸರನ್ನು ಹುಡುಕಿ ಜೋಡಿಸಬೇಕು. ಹಿಂದೆ ಅದು ಯಾವುದಾದರೂ ಮೊಬೈಲಿನ ಜೊತೆಗೂಡಿದ್ದರೆ ಆ ಹಳೆಯ ನಂಟನ್ನೇ ಅರಸಿ ಹೋಗಬಹುದು. ಆಗ ಮೊಬೈಲಿನ ಬ್ಲೂಟೂತನ್ನು ಆರಿಸಿಡುವುದು ಮೇಲು. ನಮ್ಮದು ಲಿನಕ್ಸ್ ವ್ಯವಸ್ಥೆ. ಅದರಲ್ಲಿ ಜೋಡಣೆಯಾದ ಮೇಲೆ ‘ಇದು ನಂಬಿಕಸ್ಥ’ ಎಂದು ಬೇರೆಯಾಗಿ ಗುರುತು ಮಾಡಿದರೆ, ಮರುದಿನ ಹೆಡ್‌ಫೋನು ತಾನಾಗಿಯೇ ಬಂದು ಕೂಡಿಕೊಳ್ಳುತ್ತದೆ.

ಇಷ್ಟಾದರೂ ದನಿ ಟೆಲಿವಿಷನ್ನಿನಿಂದಲೇ ಹೊರಡುವುದುಂಟು. ಏಕೆಂದರೆ ನೆಂಟಸ್ತನವೇ ಬೇರೆ, ದಾರಿಯೇ ಬೇರೆ. ಧ್ವನಿ ಯಾವ ಬಾಗಿಲಿನಿಂದ ಹೊರಡಬೇಕೆಂಬುದನ್ನು ವ್ಯವಸ್ಥೆಯ ಧ್ವನಿವಿಭಾಗದಲ್ಲಿ ಆರಿಸಬೇಕು. ಚಿತ್ರ ಮತ್ತು ಹಾಡುಗಳಿಗಾಗಿ ನಾವು ಬಳಸುವ ಕೋಡಿ ಎಂಬ ತಂತ್ರಾಂಶ ತನ್ನದೇ ಬಾಗಿಲನ್ನು ನೆನಪಿಟ್ಟುಕೊಂಡಿರುವುದರಿಂದ ಅಲ್ಲಿಯೂ ಹೆಡ್‌ಫೋನನ್ನು ಸೂಚಿಸಬೇಕು.

ಇದೆಲ್ಲ ಮುಗಿದು ದನಿ ಬಂದ ದಿನ ಅಕ್ಕ ಎರಡು ನಿಮಿಷ ಕೇಳಿ, “ಕಥೆ ಕೇಳ್ತದೆ ಕಣೋ ತಮ್ಮ, ಕಂಸಾಳೆ ಎಲ್ಲಿ? ತಗಡು ಬಡಿದಂಗದೆ” ಎಂದಳು. ಕಿವಿ ಮಂದವೆಂದು ನಾವು ಭಾವಿಸಿದ್ದವಳ ವಿಮರ್ಶೆ ಅಕ್ಷರಶಃ ಸರಿಯಾಗಿತ್ತು. ಕಂಸಾಳೆ ಕಂಚಿನದು; ಒಂದು ಬಟ್ಟಲಿನಂತೆ, ಇನ್ನೊಂದು ಚಪ್ಪಟೆ. ಅದರ ಹೊಳಪೆಲ್ಲ ಇರುವುದು ಎತ್ತರದ ಸ್ವರಗಳಲ್ಲಿ. ಆ ಹೊಳಪೇ ದಾರಿಯಲ್ಲಿ ಕಳೆದುಹೋಗಿತ್ತು.

ಕಾರಣವನ್ನು ಯಳಂದೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬಿಡಿಸಿ ಹೇಳಿದರು. ಹೆಡ್‌ಫೋನಿಗೆ ಎರಡು ವೇಷಗಳು. ಒಂದು ಸಂಗೀತದ್ದು, ಎ2ಡಿಪಿ ಎಂದು ಅದರ ಹೆಸರು. ದನಿ ಒಮ್ಮುಖವಾಗಿ ಹರಿಯುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 44,100 ಮಾದರಿಗಳಂತೆ, ಎರಡು ಕಿವಿಗೂ ಬೇರೆಬೇರೆಯಾಗಿ. ಇನ್ನೊಂದು ದೂರವಾಣಿಯದು, ಮಾತು ಹೋಗಿಬರಬೇಕಾದ್ದರಿಂದ ಹಳೆಯ ಬಗೆಯಲ್ಲಿ 8,000 ಮಾದರಿಗಳೇ ದಕ್ಕುತ್ತವೆ. ಮಾದರಿಗಳ ಸಂಖ್ಯೆಯ ಅರ್ಧಕ್ಕಿಂತ ಎತ್ತರದ ಸ್ವರ ಅದರಲ್ಲಿ ಉಳಿಯಲಾರದು. ಎಂದರೆ 4,000 ಹರ್ಟ್ಸಿನ ಮೇಲಿನದೆಲ್ಲ ನಷ್ಟ. ಯಾವುದೋ ತಂತ್ರಾಂಶ ಹೆಡ್‌ಫೋನಿನ ಮೈಕನ್ನು ಹಿಡಿದುಕೊಂಡರೆ ಅದು ದೂರವಾಣಿಯ ವೇಷವನ್ನು ತೊಟ್ಟುಬಿಡುತ್ತದೆ. ಮೈಕನ್ನು ಬಿಡಿಸಿ ಸಂಗೀತದ ವೇಷವನ್ನು ಆರಿಸಿದೊಡನೆ ಕಂಚು ಕಂಚಾಯಿತು; ಅಕ್ಕನ ಮುಖವೂ ಬೆಳಗಿತು. ಜೋಡಣೆಯಾಯಿತೆಂದು ಪರದೆಯ ಮೇಲೆ ಮೂಡುವ ಅಕ್ಷರಗಳು ಯಂತ್ರದ ಮಾತು. ಕೆಲಸವಾಯಿತೋ ಇಲ್ಲವೋ ಹೇಳಬೇಕಾದುದು ಕೇಳುವವರ ಕಿವಿ.

ಉಳಿದುದು ಕಾಲದ ತೊಡಕು. ಧ್ವನಿಯನ್ನು ಅಡಕಿ ಕಳುಹಿಸಿ, ಆ ಕಡೆ ಬಿಚ್ಚುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗವೋ ಎರಡು ಭಾಗವೋ ಕಳೆಯುತ್ತದೆ. ಬರಿಯ ಹಾಡಿಗೆ ಇದು ಲೆಕ್ಕಕ್ಕಿಲ್ಲ. ಕಂಸಾಳೆಯ ಕುಣಿತವನ್ನು ಚಿತ್ರದಲ್ಲಿ ನೋಡುವಾಗ ಮಾತ್ರ ಕೈ ಬಡಿದ ಮೇಲೆ ನಾದ ಬರುತ್ತದೆ. ಧ್ವನಿಯನ್ನು ಚಿತ್ರಕ್ಕಿಂತ ತುಸು ಮುಂದಕ್ಕೆ ತರುವ ಅನುಕೂಲ ಕೋಡಿಯಲ್ಲಿದೆ. ಅದನ್ನು ಕಣ್ಣು ಕಿವಿ ಎರಡೂ ಒಪ್ಪುವವರೆಗೆ ಸ್ವಲ್ಪಸ್ವಲ್ಪವಾಗಿ ಸರಿಸುತ್ತ ಹೊಂದಿಸಿಕೊಳ್ಳಬೇಕು.

ಇನ್ನೊಂದು ಪ್ರಶ್ನೆ ನನ್ನನ್ನು ಕಾಡಿತ್ತು. ಮಾದಪ್ಪನ ಕಥೆ ಕೂಟದ ನಡುವೆ ಕೇಳುವಂಥದು. ಒಬ್ಬ ಹಾಡಿದರೆ ಉಳಿದವರು ಸೊಲ್ಲನ್ನು ಹಿಡಿಯಬೇಕು. ಅದನ್ನು ಒಬ್ಬಳ ಕಿವಿಯೊಳಗೆ ಬಂಧಿಸುವುದು ಸರಿಯೇ? ಇದಕ್ಕೂ ದಾರಿಯುಂಟು. ಎರಡು ಬಾಗಿಲುಗಳನ್ನು ಒಂದಾಗಿ ಕೂಡಿಸಿ, ಟೆಲಿವಿಷನ್ನಿನಲ್ಲಿ ಸಣ್ಣದಾಗಿಯೂ ಹೆಡ್‌ಫೋನಿನಲ್ಲಿ ತಕ್ಕಷ್ಟಾಗಿಯೂ ಒಮ್ಮೆಗೇ ನುಡಿಸಬಹುದು. ಈಗ ಸಂಜೆಯ ಹೊತ್ತು ನಾವಿಬ್ಬರೂ ಕೂಡಿಯೇ ಕೇಳುತ್ತೇವೆ. ಸೊಲ್ಲು ಬಂದಾಗ ಅಕ್ಕನೂ ದನಿಗೂಡಿಸುತ್ತಾಳೆ, ಕಿವಿ ಮುಚ್ಚಿರುವುದರಿಂದ ತುಸು ಗಟ್ಟಿಯಾಗಿಯೇ. ಮೊಮ್ಮಗಳ ಓದಿಗೆ ಈಗ ಉಳಿದಿರುವ ತೊಂದರೆ ಅದೊಂದೇ. ಅದನ್ನು ಇಳಿಸುವ ತಿರುಪು ಯಾವ ಯಂತ್ರದಲ್ಲಿಯೂ ಇಲ್ಲ.